ಸಿಂಹಳದ ರಮ್ಯಸ್ಥಳಗಳೂ ಯಾತ್ರಿಕರ ಕಣ್ಣೂ

ಸಿಂಹಳದ್ವೀಪವನ್ನು ನೋಡಿಬರುವ ಪದ್ಧತಿಯು ಕನ್ನಡನಾಡಿನ ವಿದ್ಯಾವಂತ ಕುಟುಂಬಗಳಲ್ಲಿ ಈಚೆಗೆ ಬೆಳೆಯುತ್ತ ಬಂದಿದೆ. ಇದು ಸಂತೋಷಪಡತಕ್ಕ ವಿಷಯವೇ ಸರಿ. ಬೆಂಗಳೂರಿನಲ್ಲಿ ವಿಮಾನವನ್ನೇರಿದವರು ಎರಡು ಗಂಟೆಯೊಳಗಾಗಿ ಕೊಲಂಬೊ ಪಟ್ಟಣದ ಬಳಿ ಇಳಿಯುತ್ತಾರೆ. ಕರ್ನಾಟಕದ ವಿಸ್ತೀರ್ಣದಲ್ಲಿ ಮೂರನೆಯ ಒಂದು ಪಾಲಿನಷ್ಟು ಮಾತ್ರ ಇರುವ ಆ ದೇಶದಲ್ಲಿ ಸಮುದ್ರತೀರ, ದಟ್ಟವಾದ ಮಳೆಕಾಡು, ಏಳು ಸಾವಿರ ಅಡಿಗಳನ್ನು ಮೀರಿದ ಗಿರಿಶಿಖರ, ಎರಡು ಸಾವಿರ ವರ್ಷಗಳ ಹಿಂದಿನ ಸ್ತೂಪ, ಇವೆಲ್ಲವೂ ಒಂದೊಂದು ದಿನದ ಪಯಣದ ಅಂತರದಲ್ಲಿ ದೊರೆಯುತ್ತವೆ. ೨೦೨೪ರಲ್ಲಿ ಅಲ್ಲಿಗೆ ಹೋದ ಹೊರನಾಡಿಗರ ಸಂಖ್ಯೆಯು ಇಪ್ಪತ್ತು ಲಕ್ಷವನ್ನು ಮೀರಿತು. ಅವರೊಳಗೆ ಮೊದಲನೆಯ ಸ್ಥಾನವು ಭಾರತದವರದು. ಆದುದರಿಂದ ಭಾರತೀಯರು ಆ ದ್ವೀಪವನ್ನು ಯಾವ ಕಣ್ಣಿನಿಂದ ನೋಡುತ್ತಾರೆಂಬುದು ಉಪೇಕ್ಷಿಸತಕ್ಕ ಪ್ರಶ್ನೆಯಲ್ಲ.

ಹೋದವರು ನೋಡುವುದಾದರೂ ಏನನ್ನು? ಪ್ರವಾಸದ ಏರ್ಪಾಡು ಮಾಡುವ ವರ್ತಕರು ಅಚ್ಚುಹಾಕಿಸಿ ಹಂಚುವ ಒಂದು ಪಟ್ಟಿಯನ್ನು. ಸೀಗಿರಿಯ ಬಂಡೆ, ಕ್ಯಾಂಡಿಯ ಸರೋವರ, ನುವರ ಎಳಿಯದ ಚಹದ ಬೆಟ್ಟಗಳು, ಮಿನ್ನೇರಿಯದ ಆನೆಗಳು, ಗಾಲೆಯ ಕೋಟೆ, ದಕ್ಷಿಣದ ಕಡಲತೀರ. ಭಾರತದಿಂದ ಹೋದವರಿಗಾಗಿ ಇವುಗಳ ಜೊತೆಗೆ ರಾವಣನ ಗುಹೆಯೂ ಅಶೋಕವನವೂ. ಐದು ದಿನಗಳಲ್ಲಿ ಇಷ್ಟನ್ನೂ ಮುಗಿಸಬೇಕು. ಒಬ್ಬರು ನಿಂತು ಛಾಯಾಚಿತ್ರ ತೆಗೆಯಿಸಿಕೊಂಡ ಕಲ್ಲಿನ ಮೇಲೆಯೇ ಮತ್ತೊಬ್ಬರೂ ನಿಂತು ತೆಗೆಯಿಸಿಕೊಳ್ಳುತ್ತಾರೆ. ಮುಂದಿನ ಕುರಿಯು ಹೋದ ದಾರಿಯಲ್ಲಿ ಹಿಂದಿನ ಕುರಿಗಳೆಲ್ಲ ಹೋಗುವುದನ್ನು ಶಾಸ್ತ್ರಕಾರರು ಗಡ್ಡರಿಕಾಪ್ರವಾಹನ್ಯಾಯವೆಂದು ಕರೆದರು. ಆ ನ್ಯಾಯಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆಯನ್ನು ಅವರೂ ಕಂಡಿರಲಾರರು.

ಈ ಪಟ್ಟಿಯಲ್ಲಿರುವ ಸ್ಥಳಗಳು ರಮ್ಯವಲ್ಲವೆಂದು ಯಾರೂ ಹೇಳಲಾರರು. ಆಕ್ಷೇಪವಿರುವುದು ಬೇರೆ ಕಡೆಯಲ್ಲಿ. ಪಟ್ಟಿಯು ಪ್ರತಿಯೊಂದು ಸ್ಥಳದ ಮುಂದೆಯೂ ‘ಪ್ರಕೃತಿಯ ವರಪ್ರಸಾದ’, ‘ಭೂಲೋಕದ ಸ್ವರ್ಗ’ ಎಂಬ ಒಂದೇ ಮುದ್ರೆಯನ್ನು ಒತ್ತುತ್ತದೆ. ಹಾಗೆ ಒತ್ತಿದೊಡನೆ ಆ ಸ್ಥಳವನ್ನು ಮಾಡಿದವರ, ಅಗೆದವರ, ಹೊತ್ತವರ, ಕಾಪಾಡಿದವರ ಹೆಸರುಗಳೆಲ್ಲ ಅಳಿಸಿಹೋಗುತ್ತವೆ. ಸಿಂಹಳದ ಸೌಂದರ್ಯದಲ್ಲಿ ಬಹುಭಾಗವು ಮನುಷ್ಯರ ಕೈಯಿಂದಾದುದು. ಉಳಿದ ಭಾಗವು ಮನುಷ್ಯರು ಕೈತಡೆದುದರಿಂದ ಉಳಿದುದು. ಇದನ್ನರಿಯದೆ ನೋಡಿದವರು ಆ ದ್ವೀಪದ ಬಣ್ಣವನ್ನು ಕಂಡಾರು, ದ್ವೀಪವನ್ನು ಕಂಡವರಾಗುವುದಿಲ್ಲ.

ಮೊದಲು ಸೀಗಿರಿಯನ್ನೇ ತೆಗೆದುಕೊಳ್ಳಬಹುದು. ಸುತ್ತಣ ನೆಲದಿಂದ ಸುಮಾರು ೬೦೦ ಅಡಿ ನೆಟ್ಟಗೆ ಎದ್ದುನಿಂತ ಆ ಬಂಡೆಯ ನೆತ್ತಿಯ ಮೇಲೆ ಕ್ರಿ. ಶ. ೫ನೆಯ ಶತಮಾನದ ಕೊನೆಯಲ್ಲಿ ಒಂದನೆಯ ಕಾಶ್ಯಪನು ಅರಮನೆಯನ್ನು ಕಟ್ಟಿಸಿದನು. ಕೆಳಗಿನ ಉದ್ಯಾನದ ಕಾರಂಜಿಗಳು ಮಳೆಗಾಲದಲ್ಲಿ ಇಂದಿಗೂ ಚಿಮ್ಮುತ್ತವೆ. ಬಂಡೆಯ ಮಧ್ಯದ ಗುಹೆಯಲ್ಲಿ ಸ್ತ್ರೀಯರ ವರ್ಣಚಿತ್ರಗಳಿವೆ. ಇದೆಲ್ಲವೂ ನೋಡತಕ್ಕದ್ದೇ. ಆದರೆ ಈ ಕಾಶ್ಯಪನು ಯಾರು? ಧಾತುಸೇನನೆಂಬ ದೊರೆಯ ಮಗ. ಆ ಧಾತುಸೇನನು ಕಟ್ಟಿಸಿದ ಕಲಾವೆವ ಎಂಬ ಮಹಾತಟಾಕವು ಅದೇ ಸೀಮೆಯಲ್ಲಿ ಇಂದಿಗೂ ತುಂಬಿ ನಿಂತಿದೆ. ಮಗನು ತಂದೆಯನ್ನು ಸೆರೆಗೆ ಹಾಕಿ, ಬಚ್ಚಿಟ್ಟ ಭಂಡಾರವೆಲ್ಲಿದೆಯೆಂದು ಪೀಡಿಸಿದನೆಂದು ಚೂಳವಂಸವೆಂಬ ಪಾಲಿಭಾಷೆಯ ವಂಶಚರಿತೆಯು ಹೇಳುತ್ತದೆ. ತೋರಿಸುವೆನೆಂದು ಹೇಳಿ ಹೊರಟ ಮುದಿ ದೊರೆಯು ಕಲಾವೆವದ ದಡಕ್ಕೆ ಬಂದು, ನೀರಿಗಿಳಿದು ಸ್ನಾನಮಾಡಿ, ನೀರನ್ನು ತೋರಿಸಿ, ತನಗಿರುವ ಐಶ್ವರ್ಯವೆಲ್ಲ ಇದೇ ಎಂದನಂತೆ. ಆ ಉತ್ತರಕ್ಕೆ ದೊರೆತ ಪ್ರತಿಫಲವೇನೆಂದರೆ, ಅವನನ್ನು ಜೀವಸಹಿತವಾಗಿ ಗೋಡೆಯೊಳಗಿಟ್ಟು ಮಣ್ಣಿನಿಂದ ಮುಚ್ಚಲಾಯಿತು. ಕಾಶ್ಯಪನ ತಮ್ಮನಾದ ಮೊಗ್ಗಲ್ಲಾನನು ಭಾರತಕ್ಕೆ ಓಡಿಹೋಗಿ, ಕೆಲವು ಕಾಲದ ಮೇಲೆ ಸೇನೆಯೊಡನೆ ಹಿಂದಿರುಗಿದನು. ಕಾಶ್ಯಪನು ರಣರಂಗದಲ್ಲಿ ತನ್ನ ಕತ್ತಿಯಿಂದಲೇ ಪ್ರಾಣವನ್ನು ಕಳೆದುಕೊಂಡನು. ಬಂಡೆಯ ಮೇಲಿನ ಅರಮನೆಯು ಆ ದೊರೆಯ ಆಳಿಕೆಯೊಂದಿಗೇ ರಾಜಧಾನಿಯ ಪಟ್ಟವನ್ನು ಕಳೆದುಕೊಂಡಿತು.

ಧಾತುಸೇನನ ನೀರು ಮಾತ್ರ ಹರಿಯುತ್ತಲೇ ಇದೆ. ಕಲಾವೆವದಿಂದ ಅನುರಾಧಪುರದ ತಿಸ್ಸವೆವಕ್ಕೆ ನೀರನ್ನು ಒಯ್ಯುವ ಕಾಲುವೆಯ ಉದ್ದವು ೫೪ ಮೈಲು. ಅದರ ಮೊದಲ ೧೭ ಮೈಲುಗಳಲ್ಲಿ ನೆಲದ ಇಳಿಜಾರು ಮೈಲಿಗೆ ಆರು ಅಂಗುಲ ಮಾತ್ರ. ದೂರದರ್ಶಕವಿಲ್ಲದ, ಉಕ್ಕಿನ ಅಳತೆಪಟ್ಟಿಯಿಲ್ಲದ ಕಾಲದಲ್ಲಿ ಮೈಲಿಗೆ ಆರು ಅಂಗುಲದ ಇಳಿಜಾರನ್ನು ಸಾಧಿಸಿದವರ ಹೆಸರು ಯಾವ ಶಾಸನದಲ್ಲಿಯೂ ಇಲ್ಲ. ದಾರಿಯುದ್ದಕ್ಕೂ ಸಣ್ಣ ಕೆರೆಗಳನ್ನು ತುಂಬಿಸುತ್ತ, ಹದಿನೈದು ಶತಮಾನಗಳ ಹಿಂದೆ ತೋಡಿದ ಈ ಜಾಡಿನಲ್ಲಿ ನೀರು ಈಗಲೂ ಗದ್ದೆಗಳನ್ನು ಸೇರುತ್ತದೆ. ಹೀಗಿರಲು, ತಂದೆಯನ್ನು ಕೊಂದ ಮಗನ ಬಂಡೆಯನ್ನು ಹತ್ತಲು ಬಿಸಿಲಿನಲ್ಲಿ ಸಾಲುಗಟ್ಟಿ ನಿಲ್ಲುವ ಗೃಹಸ್ಥರು ತಂದೆಯ ಕೆರೆಯ ಏರಿಯ ಮೇಲೆ ಅರ್ಧ ಗಂಟೆಯಾದರೂ ನಿಲ್ಲದೆ ಬರುವುದು ಎಂತಹ ವಿವೇಕ? ಪಟ್ಟಿಯಲ್ಲಿ ಇಲ್ಲವೆಂಬುದೊಂದೇ ಅವರ ಸಮಾಧಾನ. ಪಟ್ಟಿಯನ್ನು ಬರೆದ ವರ್ತಕನಿಗೆ ಕೆರೆಯಿಂದ ಲಾಭವಿಲ್ಲ. ಕೆರೆಯ ಏರಿಗೆ ಯಾರೂ ಪ್ರವೇಶಶುಲ್ಕವನ್ನು ಕೊಡುವುದಿಲ್ಲ.

ಸೀಗಿರಿಯಲ್ಲಿಯೇ ಇನ್ನೊಂದು ಪಾಠವೂ ಇದೆ. ಅಲ್ಲಿನ ಕನ್ನಡಿಗೋಡೆಯೆಂಬ ನುಣುಪಾದ ಗೋಡೆಯ ಮೇಲೆ ಹಿಂದಿನ ಯಾತ್ರಿಕರು ಕೊರೆದ ಪದ್ಯಗಳಿವೆ. ಬಹುಪಾಲು ೮ರಿಂದ ೧೦ನೆಯ ಶತಮಾನದವರೆಗಿನವು. ಸೇನರತ್ ಪರಣವಿತಾನ ಎಂಬ ಪುರಾತತ್ತ್ವಜ್ಞರು ಅವುಗಳಲ್ಲಿ ೬೮೫ನ್ನು ಓದಿ ೧೯೫೬ರಲ್ಲಿ ಪ್ರಕಟಿಸಿದರು. ಭಿಕ್ಷುಗಳು, ಸೈನಿಕರು, ಅಧಿಕಾರಿಗಳು, ಸ್ತ್ರೀಯರು, ಎಲ್ಲ ತರದವರೂ ಅಲ್ಲಿ ಕವಿಗಳಾಗಿದ್ದಾರೆ. ಕೆಲವರು ಚಿತ್ರದ ಚೆಲುವೆಯರನ್ನು ಹೊಗಳಿದ್ದಾರೆ, ಕೆಲವರು ಅವರ ಮೌನವನ್ನು ಕಂಡು ಮುನಿದಿದ್ದಾರೆ. ಕಂಡುದನ್ನು ಮನಸ್ಸಿನಲ್ಲಿ ತಿರುವಿ, ಮಾತಿಗೆ ಛಂದಸ್ಸನ್ನು ಹೊಂದಿಸಿ ಬರೆಯುವಷ್ಟು ಹೊತ್ತು ಅವರು ಅಲ್ಲಿ ನಿಂತಿದ್ದರು. ಗೋಡೆಯ ಮೇಲೆ ಬರೆಯುವುದನ್ನು ಇಂದು ನಿಷೇಧಿಸಿರುವುದು ಯೋಗ್ಯವೇ ಆಗಿದೆ. ನಿಂತು ನೋಡುವುದನ್ನು ಯಾರೂ ನಿಷೇಧಿಸಿಲ್ಲ.

ಇನ್ನು ಆನೆಗಳ ವಿಷಯ. ಬೇಸಗೆಯ ತಿಂಗಳುಗಳಲ್ಲಿ ನೂರಾರು ಕಾಡಾನೆಗಳು ಮಿನ್ನೇರಿಯದಲ್ಲಿ ಒಂದುಗೂಡುವುದನ್ನು ಪಟ್ಟಿಗಳು ಕೇವಲ ಪ್ರಕೃತಿಯ ವಿಸ್ಮಯವೆಂದು ವರ್ಣಿಸುತ್ತವೆ. ಆದರೆ ಮಿನ್ನೇರಿಯವು ಕೆರೆ. ಮಹಾಸೇನನೆಂಬ ದೊರೆಯು ಅದನ್ನು ಕಟ್ಟಿಸಿ ಹದಿನೇಳು ನೂರು ವರ್ಷಗಳಾದುವು. ಸುತ್ತಣ ಕಾಡು ಒಣಗಿದಾಗ ಕೆರೆಯ ನೀರು ಇಳಿದು, ಅಂಗಳದಲ್ಲಿ ಹಸುರು ಹುಲ್ಲು ಚಿಗುರುತ್ತದೆ. ಅದಕ್ಕಾಗಿ ಆನೆಗಳು ಬರುತ್ತವೆ. ಈಚಿನ ವರ್ಷಗಳಲ್ಲಿ ಬೇರೊಂದು ಅಣೆಕಟ್ಟಿನಿಂದ ಹೊತ್ತಲ್ಲದ ಹೊತ್ತಿನಲ್ಲಿ ನೀರು ಬಂದು ಈ ಅಂಗಳವು ಮುಳುಗಿದಾಗ ಆನೆಗಳ ಮೇವು ಕಡಮೆಯಾಯಿತು, ಕೂಟವೂ ಕ್ಷೀಣಿಸಿತು. ತೂಬಿನ ಕೀಲಿಯು ಯಾರ ಕೈಯಲ್ಲಿದೆಯೋ ಅವರ ಕೈಯಲ್ಲಿಯೇ ಈ ವಿಸ್ಮಯವೂ ಇದೆಯೆಂಬುದಕ್ಕೆ ಬೇರೆ ಪ್ರಮಾಣವು ಬೇಕೆ? ನೀರಿನ ಲೆಕ್ಕಾಚಾರವನ್ನು ಬಲ್ಲವರು ಆ ಆನೆಗಳನ್ನು ಉಳಿಸಿಯಾರು. ಸ್ವರ್ಗವೆಂದು ಕೈಮುಗಿದು ಬಂದವರು ಉಳಿಸಲಾರರು.

ಪೊಳೊನ್ನರುವದ ಪರಾಕ್ರಮಸಮುದ್ರವೂ ಹೀಗೆಯೇ. ೧೨ನೆಯ ಶತಮಾನದಲ್ಲಿ ಆಳಿದ ಮಹಾಪರಾಕ್ರಮಬಾಹುವು, ಮಳೆಯ ಒಂದು ಹನಿಯೂ ಜನರಿಗೆ ಉಪಕಾರ ಮಾಡದೆ ಸಮುದ್ರವನ್ನು ಸೇರಬಾರದೆಂದು ಸಂಕಲ್ಪಿಸಿದನೆಂದು ವಂಶಚರಿತೆಯು ಕೊಂಡಾಡುತ್ತದೆ. ದೊರೆಗಳ ಕೆರೆಗಳಿಗಿಂತಲೂ ಹೆಚ್ಚಾಗಿ, ಊರೂರಿನ ಸಣ್ಣ ಕೆರೆಗಳು ಒಂದರ ಕೋಡಿಯ ನೀರು ಮತ್ತೊಂದಕ್ಕೆ ಇಳಿಯುವಂತೆ ಸರಣಿಯಾಗಿ ಕಟ್ಟಲ್ಪಟ್ಟಿವೆ. ಕೆರೆಯ ಮೇಲ್ಗಡೆ ಗಾಳಿಯನ್ನು ತಡೆಯಲು ಮರಗಳ ಸಾಲು, ಏರಿಯ ಕೆಳಗೆ ಉಪ್ಪನ್ನು ಹೀರಿಕೊಳ್ಳಲು ಗಿಡಗಂಟಿಗಳ ಪಟ್ಟಿ, ಅದರಾಚೆ ಗದ್ದೆ. ಕೆರೆಯೆಂದರೇನು, ತೂಬೆಂದರೇನು, ಕೋಡಿಯೆಂದರೇನು ಎಂಬುದನ್ನು ಬಲ್ಲ ಕನ್ನಡಿಗನಿಗೆ ಈ ನೋಟವು ಅರ್ಥವಾದಷ್ಟು ಬೇರೆ ಎಷ್ಟು ಜನ ಯಾತ್ರಿಕರಿಗೆ ಅರ್ಥವಾದೀತು? ಅರ್ಥಮಾಡಿಕೊಳ್ಳಬಲ್ಲವನೇ ವಾಹನದ ಗಾಜಿನಾಚೆ ಅದನ್ನು ಬಿಟ್ಟುಬರುತ್ತಾನೆಂಬುದೇ ವ್ಯಸನದ ಮಾತು.

ಚಹದ ಬೆಟ್ಟಗಳ ಮಾತು ಇದಕ್ಕಿಂತಲೂ ಗಂಭೀರವಾದುದು. ಆರು ಸಾವಿರ ಅಡಿಗಳ ಎತ್ತರದಲ್ಲಿರುವ ನುವರ ಎಳಿಯದ ಸುತ್ತ, ಹಸುರು ಜಮಖಾನವನ್ನು ಹಾಸಿದಂತೆ ಕಾಣುವ ಆ ಇಳಿಜಾರುಗಳನ್ನು ನೋಡಿ ಪ್ರಕೃತಿಮಾತೆಯನ್ನು ಸ್ತುತಿಸದವರಿಲ್ಲ. ಅಲ್ಲಿ ಪ್ರಕೃತಿಮಾತೆಯು ಬೆಳೆಸಿದ್ದುದು ಕಾಡು. ಆಂಗ್ಲ ತೋಟಗಾರರು ಅದನ್ನು ಕಡಿಯಿಸಿ ಕಾಫಿಯನ್ನು ಹಾಕಿದರು. ೧೮೬೯ರಲ್ಲಿ ಎಲೆಯ ತುಕ್ಕುರೋಗವು ಕಾಣಿಸಿಕೊಂಡು ಕೆಲವು ವರ್ಷಗಳಲ್ಲಿ ಕಾಫಿಯು ಹಾಳಾಯಿತು. ೧೮೬೭ರಲ್ಲಿ ಜೇಮ್ಸ್ ಟೇಲರ್ ಎಂಬುವನು ಲೂಲ್‌ಕಂದುರದ ೧೯ ಎಕರೆಗಳಲ್ಲಿ ಹಾಕಿದ್ದ ಚಹವು ಆ ಜಾಗವನ್ನು ತುಂಬಿತು. ಕಾಡನ್ನು ಕಡಿದವರೂ, ಕಾಫಿಯನ್ನು ಬಿಡಿಸಿದವರೂ, ಚಹದ ಎರಡೆಲೆಯನ್ನೂ ಒಂದು ಕುಡಿಯನ್ನೂ ಇಂದಿಗೂ ಕೀಳುತ್ತಿರುವವರೂ ತಮಿಳುನಾಡಿನ ಹಳ್ಳಿಗಳಿಂದ ಬಂದ ಬಡ ಕೂಲಿಗಳೂ ಅವರ ಸಂತತಿಯವರೂ. ಮನ್ನಾರಿನ ತೀರದಲ್ಲಿ ಇಳಿದು, ಮಾತಳೆಯವರೆಗೆ ಕಾಡುದಾರಿಯಲ್ಲಿ ನಡೆದುಬಂದ ಅವರಲ್ಲಿ ಕಾಲರಾ, ಚಳಿಜ್ವರ, ಹಸಿವುಗಳಿಂದ ದಾರಿಯಲ್ಲಿಯೇ ಮಡಿದವರು ಅಸಂಖ್ಯ. ಆ ವಲಸೆಗೆ ಇನ್ನೂರು ವರ್ಷ ತುಂಬಿದ ೨೦೨೩ರಲ್ಲಿ ಅವರ ವಂಶಸ್ಥರೂ ಹಿತೈಷಿಗಳೂ ತಲೈಮನ್ನಾರಿನಿಂದ ಮಾತಳೆಯವರೆಗೆ ಅದೇ ಜಾಡಿನಲ್ಲಿ ನಡೆದು ಹಿರಿಯರನ್ನು ಸ್ಮರಿಸಿದರು.

ಇವರಿಗೆ ದೇಶವು ಕೊಟ್ಟ ಬಹುಮಾನವು ಏನು? ದ್ವೀಪವು ಸ್ವತಂತ್ರವಾದ ೧೯೪೮ರಲ್ಲಿಯೇ ಹೊಸ ಪೌರತ್ವದ ಕಾಯಿದೆಯಿಂದ ಸುಮಾರು ಏಳು ಲಕ್ಷ ಜನರು ಯಾವ ದೇಶಕ್ಕೂ ಸೇರದವರಾದರು. ಮರುವರ್ಷ ಮತದ ಹಕ್ಕೂ ಹೋಯಿತು. ೧೯೬೪ರಲ್ಲಿ ಭಾರತದ ಪ್ರಧಾನಿ ಲಾಲ್ ಬಹಾದೂರ್ ಶಾಸ್ತ್ರಿಗಳೂ ಲಂಕೆಯ ಪ್ರಧಾನಿ ಸಿರಿಮಾವೊ ಬಂಡಾರನಾಯಕೆಯವರೂ ಮಾಡಿಕೊಂಡ ಒಪ್ಪಂದದ ಪ್ರಕಾರ ೫,೨೫,೦೦೦ ಜನರನ್ನು ಭಾರತಕ್ಕೆ ಕಳುಹಿಸತಕ್ಕದ್ದೆಂದೂ, ೩,೦೦,೦೦೦ ಜನರಿಗೆ ಲಂಕೆಯು ಪೌರತ್ವವನ್ನು ಕೊಡತಕ್ಕದ್ದೆಂದೂ, ಮಿಕ್ಕ ೧,೫೦,೦೦೦ ಜನರ ವಿಚಾರವನ್ನು ಮುಂದೆ ನೋಡತಕ್ಕದ್ದೆಂದೂ ತೀರ್ಮಾನವಾಯಿತು. ಅಕ್ಕಿಯ ಮೂಟೆಗಳನ್ನು ಹಂಚುವಂತೆ ಜನರನ್ನು ಹಂಚಿಕೊಂಡರು. ಉಳಿದವರ ಪೌರತ್ವದ ಪ್ರಶ್ನೆಯು ಮುಗಿಯಲು ೨೦೦೩ರ ಕಾಯಿದೆಯು ಬರಬೇಕಾಯಿತು.

ಈ ಕಥೆಯು ಕನ್ನಡನಾಡಿಗೆ ದೂರದ್ದೆಂದು ತಿಳಿಯುವವರು ಒಮ್ಮೆ ದಕ್ಷಿಣಕನ್ನಡದ ಸುಳ್ಯ ಪುತ್ತೂರುಗಳ ಕಡೆಗೆ ನೋಡಬೇಕು. ಅಲ್ಲಿನ ಸರ್ಕಾರಿ ರಬ್ಬರು ತೋಟಗಳಲ್ಲಿ ದುಡಿಯಲು ನೆಲೆಗೊಳಿಸಿದ ಕುಟುಂಬಗಳು ಆ ಒಪ್ಪಂದದಂತೆಯೇ ಲಂಕೆಯಿಂದ ಬಂದವು. ಮೂರು ತಲೆಮಾರು ಚಹದ ಬೆಟ್ಟವನ್ನು ಹಸುರಾಗಿಟ್ಟು, ಆಮೇಲೆ ಕಂಡರಿಯದ ‘ಸ್ವದೇಶ’ಕ್ಕೆ ಬಂದು ರಬ್ಬರಿನ ಹಾಲನ್ನು ತೆಗೆದವರು ಅವರು. ನುವರ ಎಳಿಯದ ಹಸುರಿನ ಮುಂದೆ ನಿಂತು ತೆಗೆಯಿಸಿದ ಚಿತ್ರವನ್ನು ಮನೆಯ ಗೋಡೆಗೆ ತೂಗುಹಾಕಿದ ಕನ್ನಡಿಗನಿಗೆ, ಆ ಹಸುರನ್ನು ಬೆಳೆಸಿದವರ ಮೊಮ್ಮಕ್ಕಳು ತನ್ನ ನಾಡಿನಲ್ಲಿಯೇ ಇದ್ದಾರೆಂಬುದು ತಿಳಿಯದೆ ಹೋದರೆ, ಅವನ ಪ್ರವಾಸದಿಂದ ಬಂದ ಜ್ಞಾನವು ಎಷ್ಟು? ಚಹದ ಬೆಟ್ಟದಲ್ಲಿ ಹತ್ತು ಹನ್ನೆರಡು ಅಡಿಗಳ ಒಂದೊಂದು ಕೋಣೆಯ ಸಾಲುಮನೆಗಳು ಈಗಲೂ ಇವೆ. ಛಾಯಾಚಿತ್ರಗಾರರು ಅವು ಚೌಕಟ್ಟಿನೊಳಗೆ ಬಾರದಂತೆ ಎಚ್ಚರಿಕೆಯಿಂದ ನಿಲ್ಲುತ್ತಾರೆ.

ಹೀಗೆ ಇದ್ದುದನ್ನು ಮರೆಮಾಡುವುದು ಒಂದು ದೋಷ. ಇಲ್ಲದುದನ್ನು ಕಲ್ಪಿಸಿ ಮಾರುವುದು ಮತ್ತೊಂದು. ಭಾರತದ ಯಾತ್ರಿಕರಿಗಾಗಿ ಈ ಶತಮಾನದ ಮೊದಲನೆಯ ದಶಕದಲ್ಲಿ ಲಂಕೆಯ ಪ್ರವಾಸೋದ್ಯಮದವರು ‘ರಾಮಾಯಣದ ಹಾದಿ’ಯೆಂಬುದನ್ನು ಏರ್ಪಡಿಸಿ, ಸುಮಾರು ಐವತ್ತು ಸ್ಥಳಗಳನ್ನು ಹೆಸರಿಸಿದರು. ಇಲ್ಲಿ ಪುಷ್ಪಕವು ಇಳಿಯಿತು, ಇಲ್ಲಿ ಸೀತೆಯು ಮಿಂದಳು, ಈ ಹಳ್ಳವು ಹನುಮಂತನ ಹೆಜ್ಜೆ ಎಂದು ತೋರಿಸುವ ಮಾರ್ಗದರ್ಶಕರು ಹುಟ್ಟಿಕೊಂಡರು. ಅಲ್ಲಿನ ಇತಿಹಾಸಜ್ಞರಲ್ಲಿ ಕೆಲವರು ಇದನ್ನು ಆಕ್ಷೇಪಿಸಿದರೂ ವ್ಯಾಪಾರವು ನಿಲ್ಲಲಿಲ್ಲ. ಅಶೋಕವನವೆಂದು ತೋರಿಸುವ ಹಕ್ಗಲದ ಉದ್ಯಾನವನ್ನು ಆಂಗ್ಲರು ೧೮೬೧ರಲ್ಲಿ ಚಳಿಜ್ವರದ ಔಷಧಿಯಾದ ಸಿಂಕೋನ ಮರವನ್ನು ಬೆಳೆಸಿನೋಡಲು ಸ್ಥಾಪಿಸಿದರು.

ಶಾಸ್ತ್ರವು ಇಲ್ಲಿ ಏನು ಹೇಳುತ್ತದೆ? ಭಾರತದ ಜ್ಯೋತಿಷಸಿದ್ಧಾಂತಗಳ ಲಂಕೆಯು ಉಜ್ಜಯಿನಿಯ ರೇಖೆಯ ಮೇಲೆ, ನಿರಕ್ಷದೇಶದಲ್ಲಿ, ಎಂದರೆ ಅಕ್ಷಾಂಶವು ಶೂನ್ಯವಾದ ಕಡೆಯಲ್ಲಿದೆ. ಸಿಂಹಳದ್ವೀಪವು ಉಜ್ಜಯಿನಿಗೆ ಪೂರ್ವದಲ್ಲಿ, ಆರರಿಂದ ಹತ್ತು ಅಂಶಗಳಷ್ಟು ಉತ್ತರದಲ್ಲಿದೆ. ವರಾಹಮಿಹಿರನು ಬೃಹತ್ಸಂಹಿತೆಯಲ್ಲಿ ದಕ್ಷಿಣದ ದೇಶಗಳನ್ನು ಎಣಿಸುವಾಗ ಲಂಕೆಯನ್ನೂ ಸಿಂಹಳವನ್ನೂ ಬೇರೆಬೇರೆಯಾಗಿ ಹೇಳುತ್ತಾನೆ. ಇನ್ನೊಂದು ಪಕ್ಷವೂ ಇದೆಯೆಂಬುದನ್ನು ಮರೆಯಬಾರದು. ಆ ದ್ವೀಪದ ಪ್ರಾಚೀನ ಪಾಲಿಗ್ರಂಥಗಳೇ ತಮ್ಮ ನಾಡನ್ನು ಲಂಕೆಯೆಂದು ಕರೆದುಕೊಂಡಿವೆ, ಎರಡೂ ಒಂದೇ ಎಂಬ ನಂಬಿಕೆಯೂ ಹಳೆಯದೇ. ಹೀಗೆ ಪಂಡಿತರೇ ಒಂದು ನಿರ್ಣಯಕ್ಕೆ ಬಾರದ ಕಡೆಯಲ್ಲಿ, ಬಾಡಿಗೆ ವಾಹನದ ಚಾಲಕನು ಸೀತೆಯು ಕುಳಿತ ಕಲ್ಲನ್ನೇ ತೋರಿಸಿದಾಗ ಶಾಸ್ತ್ರಾಧ್ಯಯನದ ಮನೆತನದವರು ಕೂಡ ತಲೆದೂಗುವುದು ಭಕ್ತಿಯೋ, ಸೋಮಾರಿತನವೋ? ಸೀತಾ ಎಳಿಯದ ಗುಡಿಯಲ್ಲಿ ಕೈಮುಗಿಯುವವರ ಶ್ರದ್ಧೆಯನ್ನು ಯಾರೂ ನಿಂದಿಸಬೇಕಾಗಿಲ್ಲ. ಆದಿಕವಿಯ ಕಾವ್ಯಕ್ಕೆ ಮೈಲುಗಲ್ಲುಗಳ ಸಾಕ್ಷಿಯು ಬೇಕೆಂದು ತಿಳಿಯುವುದು ಮಾತ್ರ ಆ ಕಾವ್ಯಕ್ಕೇ ಅಪಚಾರ.

ದ್ವೀಪದೊಡನೆ ಕನ್ನಡಿಗರಿಗೆ ಹಳೆಯ ಸಂಬಂಧವು ಬೇಕಾದರೆ, ಅದು ಕಲ್ಪನೆಯಿಲ್ಲದೆಯೇ ಇದೆ. ಪೊಳೊನ್ನರುವವನ್ನು ಚೋಳರಿಂದ ಬಿಡಿಸಿಕೊಂಡು ಆಳಿದ ಒಂದನೆಯ ವಿಜಯಬಾಹುವು ಕರ್ಣಾಟಕದ ದೊರೆಗೆ ಕಾಣಿಕೆಗಳೊಡನೆ ದೂತರನ್ನು ಕಳುಹಿಸಿದನು. ಆ ದೊರೆಯು ಕಲ್ಯಾಣದ ಚಾಳುಕ್ಯ ಆರನೆಯ ವಿಕ್ರಮಾದಿತ್ಯನೆಂದು ವಿದ್ವಾಂಸರು ಗುರುತಿಸಿದ್ದಾರೆ. ದಾರಿಯಲ್ಲಿ ಚೋಳರು ಆ ದೂತರನ್ನು ಹಿಡಿದು ಅವರ ಕಿವಿಮೂಗುಗಳನ್ನು ಕೊಯ್ಯಿಸಿದರೆಂದು ಚೂಳವಂಸವು ಹೇಳುತ್ತದೆ. ಕನ್ನಡ ದೊರೆಯ ಸ್ನೇಹವನ್ನು ಬಯಸಿ ಅಂಗಹೀನರಾದ ಆ ದೂತರ ನೆನಪಿಗಾಗಿ ಪೊಳೊನ್ನರುವದಲ್ಲಿ ಒಂದು ನಿಮಿಷ ನಿಂತ ಕನ್ನಡಿಗರು ಎಷ್ಟು ಮಂದಿ?

ಕಡಲತೀರಕ್ಕೆ ಬಂದರೂ ಮಾತು ಬದಲಾಗುವುದಿಲ್ಲ. ೨೦೦೪ರ ಡಿಸೆಂಬರ್ ೨೬ರಂದು ಎದ್ದ ಸಮುದ್ರವು ಆ ದ್ವೀಪದಲ್ಲಿ ಮೂವತ್ತು ಸಾವಿರಕ್ಕೂ ಹೆಚ್ಚು ಜನರನ್ನು ನುಂಗಿತು. ಪೆರಲಿಯದ ಬಳಿ ಒಂದು ರೈಲುಗಾಡಿಯಲ್ಲಿಯೇ ಸಾವಿರಕ್ಕಿಂತ ಹೆಚ್ಚು ಜನರು ಮಡಿದರು. ಅನಂತರ ವಿಜ್ಞಾನಿಗಳು ತೀರವನ್ನು ಪರೀಕ್ಷಿಸಿದಾಗ ಕಂಡುಬಂದುದೇನು? ಹವಳದ ದಿಬ್ಬವು ಉಳಿದಿದ್ದ ಹಿಕ್ಕಡುವದಲ್ಲಿ ನೀರು ಸ್ವಲ್ಪ ದೂರ ಮಾತ್ರ ಒಳನುಗ್ಗಿತ್ತು. ಹವಳವನ್ನು ಒಡೆದು ಸಾಗಿಸಿದ್ದ ಪೆರಲಿಯದ ಕಡೆಯಲ್ಲಿ ಹೆಚ್ಚುಕಡಮೆ ಒಂದು ಮೈಲು ಒಳಕ್ಕೆ ಬಂದಿತ್ತು. ನೀರಿನೊಳಗಿನ ಹವಳವನ್ನು ಕಾಪಾಡುವುದೆಂದರೆ ದಡದ ಮೇಲಿನ ಪ್ರಾಣಗಳನ್ನು ಕಾಪಾಡುವುದೆಂದೇ ಅರ್ಥ. ಮಳೆಕಾಡುಗಳಲ್ಲಿ ಪ್ರಖ್ಯಾತವಾದ ಸಿಂಹರಾಜವನ್ನು ೧೯೭೦ರ ದಶಕದಲ್ಲಿ ಪದರಹಲಗೆಯ ಕಾರ್ಖಾನೆಗಾಗಿ ಯಂತ್ರಗಳಿಂದ ಕಡಿಯತೊಡಗಿದ್ದರು. ಪ್ರಜೆಗಳು ಪ್ರತಿಭಟಿಸಿದುದರಿಂದ ಆ ದಶಕದ ಕೊನೆಯ ಹೊತ್ತಿಗೆ ಅದು ನಿಂತಿತು. ೧೯೮೮ರಲ್ಲಿ ಆ ಕಾಡು ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ಇಂದು ಅಲ್ಲಿ ಹಕ್ಕಿಗಳ ದನಿಯನ್ನು ಕೇಳಿ ತಣಿಯುವವರು, ಅಂದು ಕೊಡಲಿಯನ್ನು ತಡೆದವರಿಗೆ ಋಣಿಗಳು.

ಇಲ್ಲಿ ಪೂರ್ವಪಕ್ಷದವರು ಹೇಳಬಹುದು: ‘ವರ್ಷವಿಡೀ ದುಡಿದವರು ನಾಲ್ಕು ದಿನ ಮನಸ್ಸಿಗೆ ಹಿತವಾಗಲೆಂದು ಹೋಗುತ್ತಾರೆ. ಅವರ ಮುಂದೆ ಕೂಲಿಗಳ ಕಣ್ಣೀರು, ಸತ್ತವರ ಲೆಕ್ಕ, ಕೆರೆಯ ಗಣಿತಗಳನ್ನು ಹರಡಿದರೆ ಆನಂದವೆಲ್ಲಿ ಉಳಿಯಿತು?’ ಈ ವಾದವು ಕೇಳಲು ಮೃದುವಾಗಿದೆ, ಒಳಗೆ ಟೊಳ್ಳಾಗಿದೆ. ರಸವನ್ನು ವಿಚಾರಮಾಡಿದ ಆಲಂಕಾರಿಕರು ಕರುಣವನ್ನೂ ರಸವೆಂದೇ ಎಣಿಸಿದರು. ದುಃಖವನ್ನು ಬಲ್ಲ ಹೃದಯವೇ ಸಹೃದಯವೆಂದರು. ಸಂಗೀತದ ರಾಗಲಕ್ಷಣವನ್ನು ತಿಳಿದವನಿಗೆ ಕಿವಿಯ ಸುಖವು ಕಡಮೆಯಾಗುವುದಿಲ್ಲ. ಮೈಲಿಗೆ ಆರು ಅಂಗುಲ ಇಳಿಯುವ ಕಾಲುವೆಯನ್ನು ಅರಿತು ನೋಡಿದವನಿಗೆ ಆ ನೀರಿನ ಮೇಲಿನ ಸಂಜೆಯ ಬೆಳಕು ಮಂಕಾಗುವುದೂ ಇಲ್ಲ. ಅರಿವಿನಿಂದ ಕೆಡುವ ಆನಂದವು ಇದ್ದರೆ, ಅದು ಕೆಡತಕ್ಕದ್ದೇ.

ಯಾಪನದ, ಎಂದರೆ ಜಾಫ್ನಾದ, ಗ್ರಂಥಾಲಯವನ್ನು ನೋಡಬಾರದೆನ್ನುವವರೂ ಇದೇ ವಾದವನ್ನು ಮಾಡುತ್ತಾರೆ. ೧೯೮೧ರ ಮೇ ತಿಂಗಳ ಕೊನೆಯ ರಾತ್ರಿ ಆ ಗ್ರಂಥಾಲಯಕ್ಕೆ ಬೆಂಕಿಯಿಟ್ಟರು. ತಾಳೆಗರಿಯ ಹಸ್ತಪ್ರತಿಗಳೂ ಸೇರಿ ಸುಮಾರು ೯೭,೦೦೦ ಗ್ರಂಥಗಳು ಬೂದಿಯಾದುವು. ಎರಡು ವರ್ಷಗಳ ಮೇಲೆ ಆರಂಭವಾದ ಅಂತರ್ಯುದ್ಧವು ೨೦೦೯ರವರೆಗೆ ನಡೆಯಿತು. ಆ ಬಿಳಿಯ ಕಟ್ಟಡವನ್ನು ಮತ್ತೆ ಕಟ್ಟಿ, ೨೦೦೩ರಲ್ಲಿ ಬಾಗಿಲು ತೆರೆದರು. ಅದರ ಗುಮ್ಮಟವು ಸುಂದರವಾಗಿದೆ. ಒಳಗೆ ಓದುತ್ತ ಕುಳಿತ ಹುಡುಗಹುಡುಗಿಯರು ಇನ್ನೂ ಸುಂದರ. ಸುಟ್ಟ ಓಲೆಗಳು ಮಾತ್ರ ಹಿಂದಿರುಗಿ ಬಾರವು. ಮನೆಯಲ್ಲಿ ಅಜ್ಜನ ಕಾಲದ ಒಂದು ಓಲೆಯ ಕಟ್ಟನ್ನಾದರೂ ಕಾಪಾಡಿಕೊಂಡುಬಂದ ಗೃಹಸ್ಥರು ಅಲ್ಲಿಗೆ ಹೋಗದೆ ಎಲ್ಲಿಗೆ ಹೋಗಬೇಕು?

ಎರಡನೆಯ ಪೂರ್ವಪಕ್ಷವು ಹಣದ್ದು. ‘ಯಾತ್ರಿಕರಿಂದ ಆ ಬಡದೇಶಕ್ಕೆ ಉಪಕಾರವಾಗುತ್ತದೆ, ಅವರು ಹೇಗೆ ನೋಡಿದರೇನು?’ ಉಪಕಾರವಾಗುವುದು ನಿಜ. ೨೦೧೯ರ ಏಪ್ರಿಲ್ ೨೧ರಂದು ಇಗರ್ಜಿಗಳಲ್ಲಿಯೂ ವಸತಿಗೃಹಗಳಲ್ಲಿಯೂ ಬಾಂಬು ಸಿಡಿದು ಇನ್ನೂರೈವತ್ತಕ್ಕಿಂತ ಹೆಚ್ಚು ಜನರು ಸತ್ತಾಗಲೂ, ಅನಂತರದ ಸಾಂಕ್ರಾಮಿಕದಲ್ಲಿಯೂ ಯಾತ್ರಿಕರು ನಿಂತುಹೋದರು. ೨೦೨೨ರಲ್ಲಿ ದೇಶವು ಇಂಧನಕ್ಕೂ ಔಷಧಿಗೂ ಪರದಾಡಿದ್ದಕ್ಕೆ ಅದೂ ಒಂದು ಕಾರಣವಾಯಿತು. ಅದುಕಾರಣದಿಂದಲೇ ಹೇಗೆ ನೋಡುತ್ತಾರೆಂಬುದು ಮುಖ್ಯ. ಯಾತ್ರಿಕರು ಯಾವುದಕ್ಕೆ ಹಣ ಕೊಡುತ್ತಾರೋ ಅದು ಬೆಳೆಯುತ್ತದೆ. ಹುಸಿ ಅಶೋಕವನಕ್ಕೆ ಕೊಟ್ಟರೆ ಹುಸಿ ಅಶೋಕವನಗಳು ಹೆಚ್ಚುತ್ತವೆ. ಕೆರೆಯ ಹಳ್ಳಿಯಲ್ಲಿ ಉಂಡು, ಅಲ್ಲಿ ಒಂದು ರಾತ್ರಿ ತಂಗಿದರೆ ಕೆರೆಯ ಹೂಳನ್ನು ಎತ್ತುವವರ ಕೈಗೆ ನಾಲ್ಕು ಕಾಸು ಸೇರುತ್ತದೆ. ಆನೆಯನ್ನು ಸರಪಣಿಯಲ್ಲಿಟ್ಟು ಸವಾರಿ ಮಾಡಿಸುವವನಿಗೆ ಕೊಟ್ಟ ಹಣವು ಸರಪಣಿಯನ್ನು ಕೊಳ್ಳುತ್ತದೆ.

ಹಾಗಾದರೆ ನೋಡುವ ರೀತಿ ಯಾವುದು? ಅದನ್ನು ಹೊಸದಾಗಿ ಕಲ್ಪಿಸಬೇಕಾಗಿಲ್ಲ. ಆ ದ್ವೀಪದ ಜನರೇ ಶ್ರೀಪಾದದ ಯಾತ್ರೆಯಲ್ಲಿ ಅದನ್ನು ತೋರಿಸಿಕೊಟ್ಟಿದ್ದಾರೆ. ೭,೩೦೦ ಅಡಿಗಳನ್ನು ಮೀರಿದ ಆ ಶಿಖರದ ಮೇಲಿನ ಹೆಜ್ಜೆಯು ಬೌದ್ಧರಿಗೆ ಬುದ್ಧನದು, ಹಿಂದುಗಳಿಗೆ ಶಿವನದು, ಮುಸಲ್ಮಾನರಿಗೆ ಆದಮನದು. ಕ್ರೈಸ್ತರಲ್ಲಿ ಕೆಲವರಿಗೆ ಸಂತ ತೋಮನದು. ಇಬ್ನ್ ಬತೂತನು ೧೩೪೪ರಲ್ಲಿ ಅದನ್ನು ಹತ್ತಿದ್ದನು. ಡಿಸೆಂಬರಿನಿಂದ ಮೇ ತಿಂಗಳವರೆಗೆ ರಾತ್ರಿಯೆಲ್ಲ ಮುದುಕರೂ ಮಕ್ಕಳೂ ಸಾವಿರಾರು ಮೆಟ್ಟಿಲುಗಳನ್ನು ಹತ್ತಿ, ಸೂರ್ಯೋದಯಕ್ಕೆ ಕಾಯುತ್ತಾರೆ. ಹತ್ತುವವರೂ ಇಳಿಯುವವರೂ ಎದುರಾದಾಗ ಕರುಣೆಯ ಹೆಸರೆತ್ತಿ ಒಬ್ಬರನ್ನೊಬ್ಬರು ಹರಸುತ್ತಾರೆ. ದಾರಿಯಲ್ಲಿ ದಾನಿಗಳು ಉಣಬಡಿಸುತ್ತಾರೆ. ನಾಲ್ಕು ಮತಗಳವರು ಹಂಚಿಕೊಂಡ ಆ ಹೆಜ್ಜೆಯ ಮುಂದೆ, ಯಾರದ್ದು ನಿಜವೆಂಬ ಜಗಳವನ್ನು ಯಾತ್ರಿಕರು ಬೆಟ್ಟದ ಬುಡದಲ್ಲಿಯೇ ಬಿಟ್ಟು ಬಂದಿರುತ್ತಾರೆ. ಅಲ್ಲಿನ ಸೂರ್ಯೋದಯವು ಪಟ್ಟಿಯ ಯಾವ ಸೂರ್ಯೋದಯಕ್ಕೂ ಕಡಮೆಯಲ್ಲ; ಅದಕ್ಕೆ ಬೆಲೆಯು ಕಾಲಿನ ನೋವು ಮತ್ತು ಎದುರಿಗೆ ಬಂದವನಿಗೆ ಹೇಳಿದ ಒಳ್ಳೆಯ ಮಾತು.

ಆದುದರಿಂದ ಸಿಂಹಳಕ್ಕೆ ಹೊರಟ ಕುಟುಂಬಗಳು ಸೀಗಿರಿಯನ್ನು ಹತ್ತಲಿ. ಅದಕ್ಕೆ ಮೊದಲು ಕಲಾವೆವದ ಏರಿಯ ಮೇಲೆ ನಡ್ದು, ಹತ್ತಿರದ ಅವುಕನದಲ್ಲಿ ನಲವತ್ತು ಅಡಿಗಳ ಬುದ್ಧನ ಮುಂದೆ ನಿಲ್ಲಲಿ. ಚಹದ ಬೆಟ್ಟವನ್ನು ನೋಡಲಿ. ಬುಟ್ಟಿಯ ಪಟ್ಟಿಯನ್ನು ಹಣೆಗೆ ಹಾಕಿಕೊಂಡ ಹೆಂಗಸಿನ ಚಿತ್ರವನ್ನು ತೆಗೆಯುವ ಮೊದಲು ಅವಳ ಅಪ್ಪಣೆಯನ್ನೂ ಅವಳ ಹೆಸರನ್ನೂ ಕೇಳಲಿ. ಪಟ್ಟಿಯಿಂದ ಎರಡು ಸ್ಥಳಗಳನ್ನು ಹೊಡೆದುಹಾಕಿ, ಉಳಿದ ಸ್ಥಳಗಳಿಗೆ ಆ ಹೊತ್ತನ್ನು ಕೊಡಲಿ. ಮಕ್ಕಳನ್ನು ಕರೆದೊಯ್ಯುವವರು ರಾವಣನ ಗುಹೆಯ ಬದಲು ಧಾತುಸೇನನ ಕಥೆಯನ್ನು ಹೇಳಲಿ. ಭಂಡಾರವೆಲ್ಲಿದೆಯೆಂದು ಕೇಳಿದ ಮಗನಿಗೆ ಆ ದೊರೆಯು ನೀರನ್ನು ತೋರಿಸಿದನು. ಮಗನಿಗೆ ಅದು ಕಾಣಲಿಲ್ಲ. ಹದಿನೈದು ನೂರು ವರ್ಷಗಳ ಮೇಲೆ ಅದೇ ದಡಕ್ಕೆ ಬಂದವರಿಗಾದರೂ ಅದು ಕಾಣದೆ ಹೋದರೆ, ತಪ್ಪು ದ್ವೀಪದ್ದಲ್ಲ.